ಉಸಿರಾಡುವುದನ್ನು ಕಲಿಯಲು ಊಮಿಯೋಗೆ ಹೋದದ್ದು

ಯಲ್ಲಾಪುರ

“ಇದು ಆಗೋ ಮಾತಲ್ಲ” ಎಂದವನು ನನ್ನ ಸೋದರಮಾವ ತಿಮ್ಮಪ್ಪ. ಯಲ್ಲಾಪುರದ ಬಸ್ ನಿಲ್ದಾಣದ ಹತ್ತಿರ ಅವನದೊಂದು ಪಂಕ್ಚರ್ ಅಂಗಡಿ ಇದೆ. ಟೈರುಗಳಿಗೆ ಗಾಳಿ ತುಂಬುವುದು ಅವನ ಕಸುಬು, ಮನುಷ್ಯರ ಗಾಳಿ ತೆಗೆಯುವುದು ಹವ್ಯಾಸ. ನಾನು ಹತ್ತನೆಯ ತರಗತಿಯ ಪರೀಕ್ಷೆಗೆ ಕೂತಾಗಲೂ ಇದೇ ಮಾತು ಹೇಳಿದ್ದ. ಪಾಸಾದೆ. ಪಿಯುಸಿಗೆ ಸೇರಿದಾಗ ಮತ್ತೆ ಹೇಳಿದ. ಎರಡನೆಯ ಪ್ರಯತ್ನದಲ್ಲಿ ಪಾಸಾದೆ. ಮೊದಲನೆಯ ಪ್ರಯತ್ನವನ್ನು ಅವನು ಇವತ್ತಿಗೂ ಮರೆತಿಲ್ಲ. ಬೆಳಿಗ್ಗೆ ಸಿದ್ದಾಪುರದಲ್ಲಿ ಕಾಲೇಜು, ಮಧ್ಯಾಹ್ನದಿಂದ ಝೆರಾಕ್ಸ್ ಅಂಗಡಿ, ಹೀಗೆ ಬಿ.ಎ. ಮುಗಿಸಿದೆ. ನಮ್ಮ ಮನೆಯಲ್ಲಿ ಪದವಿ ಪಡೆದ ಮೊದಲನೆಯವಳು ನಾನು. ಇದನ್ನು ಕೇಳದವರಿಗೂ ಹೇಳುವ ಅಭ್ಯಾಸ ನನಗಿದೆ, ಓದುಗರು ಸಹಿಸಿಕೊಳ್ಳಬೇಕು.

ಈಗ ಶಿರಸಿಯಲ್ಲಿ ಹೆಣ್ಣುಮಕ್ಕಳ ಹಾಸ್ಟೆಲೊಂದರ ವಾರ್ಡನ್ ಆಗಿದ್ದೇನೆ. ಪರೀಕ್ಷೆ ಹತ್ತಿರ ಬಂದರೆ ನಮ್ಮ ಹುಡುಗಿಯರಿಗೆ ಓದಿದ್ದು ಮರೆಯುವ ಮೊದಲು ಉಸಿರಾಡುವುದು ಮರೆಯುತ್ತದೆ. ಎದೆ ಹಿಡಿದುಕೊಂಡು, ಬಿಳಿಚಿಕೊಂಡು, “ಅಕ್ಕಾ, ಗಾಳಿ ಸಾಲ್ತಿಲ್ಲ” ಎಂದು ಬಂದು ನಿಲ್ಲುತ್ತಾರೆ. ನನಗೆ ಗೊತ್ತಿದ್ದ ಮದ್ದು ಒಂದೇ. ನನ್ನ ಅಮ್ಮ ಎಕ್ಕಂಬಿ ಕಡೆಯ ಶಾಲೆಯೊಂದರಲ್ಲಿ ಬಿಸಿಯೂಟದ ಅಡುಗೆಯವಳು. ಗ್ಯಾಸ್ ಬರುವ ಮೊದಲು ಅಲ್ಲಿ ಕಟ್ಟಿಗೆ ಒಲೆ ಇತ್ತು, ಅದನ್ನು ಊದುವ ಕೆಲಸ ನನ್ನದಿತ್ತು. ಕಬ್ಬಿಣದ ಊದುಗೊಳವೆ ಹಿಡಿದು, ಮುಖ ಪಕ್ಕಕ್ಕೆ ತಿರುಗಿಸಿ ಉಸಿರು ತೆಗೆದುಕೊಂಡು, ಸಣ್ಣಗೆ, ಉದ್ದಕ್ಕೆ, ಒಂದೇ ಎಳೆಯಲ್ಲಿ ಬಿಡಬೇಕು. ಜೋರಾಗಿ ಊದಿದರೆ ಬೂದಿ ನೇರ ಕಣ್ಣಿಗೆ. ಹುಡುಗಿಯರಿಗೂ ಅದನ್ನೇ ಹೇಳಿಕೊಟ್ಟೆ. “ಎದುರಿಗೆ ಒಲೆ ಅದೆ ಅಂದ್ಕೋ. ಊದು.” ಹತ್ತು ಸಲ ಊದುವಷ್ಟರಲ್ಲಿ ಉಸಿರು ತಾನಾಗಿ ಸರಿಹೋಗುತ್ತಿತ್ತು. ದಿನಾ ಸಂಜೆ ಅರ್ಧ ಗಂಟೆ ಅದೇ ಒಂದು ತರಗತಿಯಾಯಿತು.

ಆಮೇಲೆ ಯಾರೋ ಒಬ್ಬ ಪೋಷಕರು ಹಾಸ್ಟೆಲಿನ ಸಮಿತಿಗೆ ದೂರು ಕೊಟ್ಟರು. ಸಮಿತಿಯವರು ನನ್ನನ್ನು ಕರೆಸಿ, “ಸರ್ಟಿಫಿಕೇಟ್ ಇಲ್ದೆ ಮಕ್ಕಳಿಗೆ ಏನೇನೋ ಮಾಡಿಸಬೇಡಿ. ತಂದು ತೋರಿಸಿ, ಆಮೇಲೆ ಶುರು ಮಾಡಿ” ಎಂದರು. ತರಗತಿ ನಿಂತಿತು. ಮಾರ್ಚ್ ತಿಂಗಳ ಪರೀಕ್ಷೆ ಮಾತ್ರ ಯಾರ ಮಾತಿಗೂ ನಿಲ್ಲುವಂಥದ್ದಲ್ಲ.

ಹುಡುಕುತ್ತ ಹೋದಾಗ ಸಿಕ್ಕಿದ್ದು ಸ್ವೀಡನ್ ದೇಶದ ಉತ್ತರದಲ್ಲಿರುವ ಊಮಿಯೋ ಎಂಬ ಊರಿನ ಸಣ್ಣ ಸಂಸ್ಥೆ. ಹಾಸ್ಟೆಲು, ಆಸ್ಪತ್ರೆ, ವೃದ್ಧಾಶ್ರಮಗಳಲ್ಲಿ ದುಡಿಯುವವರನ್ನು ಬೇರೆಬೇರೆ ದೇಶಗಳಿಂದ ತಮ್ಮ ಖರ್ಚಿನಲ್ಲೇ ಕರೆಸಿ, ಹನ್ನೆರಡು ದಿನ ಉಸಿರಿನ ಅಭ್ಯಾಸ ಕಲಿಸಿ, ಪರೀಕ್ಷೆ ಮಾಡಿ, ಸರ್ಟಿಫಿಕೇಟ್ ಕೊಡುತ್ತಾರೆ. ಅರ್ಜಿಯಲ್ಲಿ ಅಮ್ಮನ ಒಲೆಯ ವಿಷಯ ಬರೆದೆ. ಆಯ್ಕೆಯಾದೆ.

“ಉಸ್ರಾಡದು ಕಲಿಯಕ್ಕೆ ವಿಮಾನ ಹತ್ತಬೇಕನೇ?” ಎಂದ ಮಾವ, ಕೈಯಲ್ಲಿದ್ದ ಟ್ಯೂಬನ್ನು ನೀರಿನ ಬುಟ್ಟಿಯಲ್ಲಿ ಅದ್ದುತ್ತ. “ಹುಟ್ದಾಗಿಂದ ಮತ್ತೆಂತ ಮಾಡ್ತಿದ್ದೆ ನೀನು? ನಾ ಮೂವತ್ತು ವರ್ಷದಿಂದ ಗಾಳಿ ಹೊಡಿತೆ. ನಂಗೆ ಯಾರು ಕೊಟ್ರು ಸರ್ಟಿಫಿಕೇಟು? ಇದು ಆಗೋ ಮಾತಲ್ಲ ಸುಜಾತಾ. ಹೋದಂಗೇ ಬತ್ತೆ ನೋಡು.”

“ಹೋಗಿ ಬರ್ಲಿ ಬಿಡಾ ತಿಮ್ಮಾ,” ಎಂದಳು ಅಮ್ಮ. “ಚಳಿ ದೇಶ ಅಂತೆ. ಕಿವಿಗೆ ಕಟ್ಕಳದು ಮರಿಬ್ಯಾಡ ನೀನು.”

ಗಡಿಯ ಕಿಟಕಿ

ವಿಮಾನದಲ್ಲಿ ಗಾಳಿ ಕಡಿಮೆಯಾದರೆ ಮೂಗಿಗೆ ಹಾಕಿಕೊಳ್ಳುವ ಮುಖವಾಡವನ್ನು ತೋರಿಸಿದಾಗ ಉಳಿದವರೆಲ್ಲ ಫೋನು ನೋಡುತ್ತಿದ್ದರು. ನಾನು ಮಾತ್ರ ಗಮನವಿಟ್ಟು ನೋಡಿದೆ. ನನ್ನ ವಿಷಯ ಅದು.

ಸ್ಟಾಕ್‌ಹೋಮಿನಲ್ಲಿ ಪಾಸ್‌ಪೋರ್ಟ್ ನೋಡುವ ಅಧಿಕಾರಿ ಬಂದ ಉದ್ದೇಶ ಕೇಳಿದ. ಉಸಿರಾಡುವುದನ್ನು ಕಲಿಯಲು ಎಂದೆ. ಅವನು ಒಮ್ಮೆ ನನ್ನ ಪಾಸ್‌ಪೋರ್ಟ್ ನೋಡಿದ, ಒಮ್ಮೆ ನನ್ನನ್ನು.

“ಭಾರತದವರು ಸ್ವೀಡನ್ನಿಗೆ ಬಂದು ಉಸಿರಾಟ ಕಲಿಯುತ್ತೀರಾ? ನನ್ನ ಹೆಂಡತಿ ಅದಕ್ಕಾಗಿ ಭಾರತಕ್ಕೆ ಹೋಗಿದ್ದಾಳೆ.”

“ಅಲ್ಲಿ ಎಲ್ಲರಿಗೂ ಬರುತ್ತದೆ, ಸರ್. ಅದಕ್ಕೇ ಸರ್ಟಿಫಿಕೇಟ್ ಸಿಕ್ಕುವುದಿಲ್ಲ.”

ನಗಲಿಲ್ಲ. ಮುದ್ರೆ ಮಾತ್ರ ಒತ್ತಿದ. ಆ ದೇಶದಲ್ಲಿ ಅದೇ ನಗು ಎಂದು ಆಮೇಲೆ ಗೊತ್ತಾಯಿತು.

ಮೊದಲ ದಿನ, ಮಾರ್ತಾಳ ಮನೆ

ಊಮಿಯೋದ ಹೊರಗೆ, ಬರ್ಚ್ ಮರಗಳ ನಡುವೆ ಕೆಂಪು ಬಣ್ಣದ ಮರದ ಮನೆ. ತರಗತಿ ಕೆಳಗೆ, ನಮ್ಮ ವಾಸ ಮೇಲೆ. ಮನೆಯ ಒಡತಿ ಮಾರ್ತಾ, ಎಂಬತ್ತು ದಾಟಿದ ಮುದುಕಿ. ಬಾಗಿಲಲ್ಲೇ ಚಪ್ಪಲಿ ಬಿಡಿಸಿದಳು. ವಿದೇಶದಲ್ಲಿ ಎಲ್ಲರೂ ಬೂಟು ಹಾಕಿಕೊಂಡೇ ಹಾಸಿಗೆಯವರೆಗೆ ಹೋಗುತ್ತಾರೆ ಎಂದು ಕೇಳಿದ್ದ ನನಗೆ ಅರ್ಧ ಭಯ ಅಲ್ಲಿಯೇ ಹೋಯಿತು.

ಬಿಸಿನೀರು ಇದೆಯೇ ಎಂದು ಕೇಳಿದೆ. ಮಾರ್ತಾ ನನ್ನನ್ನು ನೋಡಿ “ಶ್ಶುಪ್” ಎಂದು ಗಾಳಿಯನ್ನು ಒಳಗೆಳೆದುಕೊಂಡಳು. ಒಮ್ಮೆಲೇ ಹಾವು ಕಂಡವರು ಎಳೆದುಕೊಳ್ಳುವ ಹಾಗೆ. ಹಿಂದೆ ತಿರುಗಿ ನೋಡಿದೆ, ಏನೂ ಇಲ್ಲ. ಇದೇ ನನ್ನ ಕೋಣೆಯೇ ಎಂದೆ. ಮತ್ತೆ “ಶ್ಶುಪ್”. ಮುದುಕಿಗೆ ದಮ್ಮು ಎಂದು ಖಾತ್ರಿಯಾಯಿತು. ಹಾಸ್ಟೆಲಿನ ಹನ್ನೊಂದು ವರ್ಷದ ಅನುಭವ ಸುಮ್ಮನಿರಲು ಬಿಡುವುದಿಲ್ಲ. ಅವಳನ್ನು ಕುರ್ಚಿಯ ಮೇಲೆ ಕೂರಿಸಿದೆ, ಬೆನ್ನು ತಿಕ್ಕಿದೆ, “ಉದ್ದಕ್ಕೆ ಊದಿ” ಎಂದು ತೋರಿಸಿದೆ. ಪಾಪ, ಆರು ಸಲ ಊದಿದಳು. ಈಗ ಹಗುರವಾಯಿತೇ ಎಂದು ಕೇಳಿದೆ. “ಶ್ಶುಪ್.”

ಆಂಬುಲೆನ್ಸ್ ಕರೆಯಲು ನಾನು ಮೆಟ್ಟಿಲಿಳಿದು ಓಡಿದಾಗ ಎದುರಿಗೆ ಸಿಕ್ಕವನು ಹೆನ್ರಿಕ್. ರಸ್ತೆಯ ಹಿಮ ಗೋರುವ ಗಾಡಿ ಓಡಿಸಿ ನಿವೃತ್ತನಾದವನು, ಈಗ ವೃದ್ಧಾಶ್ರಮವೊಂದರಲ್ಲಿ ಸಹಾಯಕ, ನನ್ನ ಜೊತೆಯ ವಿದ್ಯಾರ್ಥಿ. ನಾನು ಹೇಳಿದ್ದನ್ನು ಗಂಭೀರವಾಗಿ ಕೇಳಿ, “ಅವಳಿಗೆ ಏನೂ ಆಗಿಲ್ಲ. ನಮ್ಮ ಉತ್ತರದವರು ‘ಹೌದು’ ಅನ್ನುವುದೇ ಹಾಗೆ” ಎಂದ.

“ಉಸಿರು ಎಳೆದುಕೊಂಡು?”

“ಶ್ಶುಪ್,” ಎಂದ ಹೆನ್ರಿಕ್.

ನಮ್ಮಲ್ಲಿ ‘ಹೌದು’ ಎನ್ನಲು ತಲೆ ಅಡ್ಡಡ್ಡ ಆಡಿಸುತ್ತೇವೆ, ‘ಹೌದೌದು’ ಎನ್ನುತ್ತೇವೆ, ಮೂರು ಸಲ ‘ಅಡ್ಡಿಲ್ಲ’ ಎನ್ನುತ್ತೇವೆ. ಇಲ್ಲಿನವರಿಗೆ ಒಂದು ಪದವನ್ನು ಹೊರಗೆ ಬಿಡಲೂ ಮನಸ್ಸಿಲ್ಲ, ಅದನ್ನೂ ಒಳಗೇ ಎಳೆದುಕೊಳ್ಳುತ್ತಾರೆ. ಬಸ್ ನಿಲ್ದಾಣದಲ್ಲಂತೂ ಎರಡು ಮಾರು ದೂರ ದೂರ ನಿಲ್ಲುತ್ತಾರೆ. ಎಕ್ಕಂಬಿ ಬಸ್ಸಿನಲ್ಲಿ ಬೆಳೆದ ನಾನು ಮೊದಲ ದಿನ ಒಬ್ಬ ಹೆಂಗಸಿನ ಪಕ್ಕ ಹೋಗಿ ನಿಂತೆ. ಅವಳು ಸ್ವಲ್ಪ ಸರಿದಳು. ನನಗೆ ಜಾಗ ಮಾಡಿಕೊಟ್ಟಳು ಎಂದುಕೊಂಡು ನಾನೂ ಸರಿದೆ. ಹೀಗೆ ಸರಿಯುತ್ತ ಸರಿಯುತ್ತ ಬಸ್ಸು ಬರುವ ಹೊತ್ತಿಗೆ ಇಬ್ಬರೂ ಪಕ್ಕದ ಅಂಗಡಿಯ ಮುಂದಿದ್ದೆವು. ಬಸ್ಸು ಹೋಯಿತು. ಅವಳು ಆಗಲೂ ಏನೂ ಅನ್ನಲಿಲ್ಲ.

ಮೂರನೆಯ ದಿನ

ನಮ್ಮ ಗುರು ಗುನಿಲ್ಲಾ. ಅರವತ್ತರ ಆಸುಪಾಸು, ಮೊದಲು ನರ್ಸ್ ಆಗಿದ್ದವಳು. ನೇರ ಮಾತು, ನೇರ ಬೆನ್ನು. ಗೋಡೆಯ ಮೇಲೆ ಶ್ವಾಸಕೋಶದ ದೊಡ್ಡ ಚಿತ್ರಪಟ ತೂಗುಹಾಕಿ ಎಲ್ಲಿಂದ ಗಾಳಿ ಎಲ್ಲಿಗೆ ಹೋಗುತ್ತದೆ ಎಂದು ತೋರಿಸಿದಳು. ಹೊರಗೆ ಬಿಡುವ ಉಸಿರು ಉದ್ದವಾದಷ್ಟೂ ಮನಸ್ಸು ತಣ್ಣಗಾಗುತ್ತದೆ ಎಂದಳು. ಇದು ನನಗೆ ಗೊತ್ತಿತ್ತು, ಆದರೆ ಗೊತ್ತು ಎಂದು ಗೊತ್ತಿರಲಿಲ್ಲ.

ಮೂರನೆಯ ದಿನ ಒಂದು ಗಂಟೆಯ ಅಭ್ಯಾಸ. ಕಂಬಳಿ ಹೊದ್ದು ಮಲಗಬೇಕು, ಕಣ್ಣು ಮುಚ್ಚಬೇಕು, ನಡುವೆ ನಿಲ್ಲಿಸದೆ ಉಸಿರಾಡುತ್ತಿರಬೇಕು. ಒಳಗೆ ಹೂತಿಟ್ಟ ದುಃಖ ಮೇಲೆ ಬರುತ್ತದಂತೆ. ಹತ್ತು ನಿಮಿಷಕ್ಕೆ ಹೆನ್ರಿಕ್ ಅಳತೊಡಗಿದ. ಇಪ್ಪತ್ತಕ್ಕೆ ಎಲ್ಲರೂ. ನಮ್ಮಲ್ಲಿ ಅಳುವವರ ಸುತ್ತ ಕೂತು ಮೂರು ಜನ ಸಮಾಧಾನ ಮಾಡುತ್ತಾರೆ, ಇಬ್ಬರು ಕಾರಣ ಕೇಳುತ್ತಾರೆ, ಒಬ್ಬರು ಜೊತೆಗೆ ಅಳುತ್ತಾರೆ. ಇಲ್ಲಿ ಒಬ್ಬೊಬ್ಬರೂ ತಮ್ಮತಮ್ಮ ಕಂಬಳಿಯೊಳಗೆ ಅತ್ತು, ಮೂಗು ಒರೆಸಿಕೊಂಡು, ಎದ್ದು ಕಾಫಿ ಕುಡಿದರು.

ನನ್ನನ್ನು ಮಾತ್ರ ಎಬ್ಬಿಸಬೇಕಾಯಿತು. ಗೊರಕೆ ಹೊಡೆಯುತ್ತಿದ್ದೆನಂತೆ.

“ಏನು ಅನ್ನಿಸಿತು?” ಎಂದಳು ಗುನಿಲ್ಲಾ.

“ಹಸಿವು.”

ಅವಳು ಪುಸ್ತಕದಲ್ಲಿ ಏನೋ ಬರೆದುಕೊಂಡಳು. ಹಾಸ್ಟೆಲಿಗೆ ಸೇರಿದ ಮೇಲೆ ನನಗೆ ಯಾವ ಕೆಲಸವೂ ಇಲ್ಲದೆ ಒಂದು ಗಂಟೆ ಮಲಗಲು ಯಾರೂ ಹೇಳಿರಲಿಲ್ಲ ಎಂದು ಅವಳಿಗೆ ಹೇಗೆ ವಿವರಿಸುವುದು? ನನ್ನ ದುಃಖಕ್ಕೂ ನಿದ್ದೆ ಬಾಕಿ ಇತ್ತು, ಅದೂ ಮಲಗಿಬಿಟ್ಟಿತು.

ಹೆನ್ರಿಕ್ ಆ ದಿನ ಕಾಫಿಯ ಲೋಟ ಹಿಡಿದು ನನ್ನ ಹತ್ತಿರ ಬಂದು, “ನಮ್ಮ ಮನೆಯಲ್ಲಿ ಸದ್ದು ಮಾಡುತ್ತಿದ್ದದ್ದು ಹಿಮದ ಗಾಡಿ ಒಂದೇ” ಎಂದ. ಅಷ್ಟೇ ಹೇಳಿ ಹೋದ. ಅವನ ಅಳು ಕೇಳಿ ಮನಸ್ಸಿನಲ್ಲಿ ನಕ್ಕಿದ್ದಕ್ಕೆ ನನಗೆ ಸ್ವಲ್ಪ ನಾಚಿಕೆಯಾಯಿತು. ಸ್ವಲ್ಪವೇ.

ಎಂಟನೆಯ ದಿನ, ಮೇಣದ ಬತ್ತಿ

ಎಂಟನೆಯ ದಿನ ಗುನಿಲ್ಲಾ ಪ್ರತಿಯೊಬ್ಬರ ಮುಂದೆ ಒಂದೊಂದು ಮೇಣದ ಬತ್ತಿ ಹಚ್ಚಿಟ್ಟಳು. ಇದು ಅವಳ ತರಬೇತಿಯ ಮುಖ್ಯ ಅಭ್ಯಾಸ. ಮನಸ್ಸಿನ ಚಿಂತೆಯನ್ನು ಆ ಜ್ವಾಲೆಯಲ್ಲಿ ನೋಡಬೇಕು, ಉದ್ದ ಉಸಿರು ಬಿಟ್ಟು ಆರಿಸಬೇಕು. ಕೊನೆಯ ದಿನದ ಪರೀಕ್ಷೆಯೂ ಇದೇ: ಒಬ್ಬೊಬ್ಬರೂ ಉಳಿದವರಿಂದ ಇದನ್ನು ಮಾಡಿಸಿ ತೋರಿಸಬೇಕು.

ಎಲ್ಲರೂ ಊದಿದರು. ನಾನು ಉಸಿರು ತೆಗೆದುಕೊಂಡೆ, ತುಟಿ ಮುಂದೆ ಮಾಡಿದೆ, ಉಸಿರು ಅಲ್ಲಿಯೇ ನಿಂತಿತು.

ನಮ್ಮ ಮನೆಯಲ್ಲಿ ದೀಪವನ್ನು ಬಾಯಿಂದ ಊದುವುದಿಲ್ಲ. ‘ಆರಿಸು’ ಎಂಬ ಮಾತನ್ನೂ ಆಡುವುದಿಲ್ಲ, ‘ದೀಪ ದೊಡ್ಡದು ಮಾಡು’ ಎನ್ನುತ್ತೇವೆ. ಬತ್ತಿಯನ್ನು ಮೆಲ್ಲಗೆ ಎಣ್ಣೆಗೆ ಜಾರಿಸಬೇಕು, ಇಲ್ಲವೇ ಹೂವಿನ ತೊಟ್ಟಿನಿಂದ ಒತ್ತಬೇಕು. ಐದು ವರ್ಷದವಳಿದ್ದಾಗ ಒಮ್ಮೆ ಆಟಕ್ಕೆ ಊದಿದ್ದಕ್ಕೆ ಅಮ್ಮ ಬೆನ್ನಿಗೆ ಕೊಟ್ಟ ಏಟು ಇವತ್ತಿಗೂ ಅಲ್ಲಿದೆ. ಬಾಯಿ ಇರುವುದು ಬೆಂಕಿ ಹೊತ್ತಿಸಲಿಕ್ಕೆ, ಆರಿಸಲಿಕ್ಕಲ್ಲ ಎಂದಿದ್ದಳು.

ಇದನ್ನು ನನ್ನ ಇಂಗ್ಲಿಷಿನಲ್ಲಿ ಹೇಳಿದೆ. “ಬೆಂಕಿ, ಅಮ್ಮ, ಹೊಡೆತ” ಎಂಬ ಮೂರು ಪದ ಅವರಿಗೆ ಚೆನ್ನಾಗಿ ತಿಳಿದವು. ಒಬ್ಬೊಬ್ಬರಾಗಿ ಎದ್ದು ಬಂದು ನನ್ನನ್ನು ಅಪ್ಪಿಕೊಂಡರು. ಬಸ್ ನಿಲ್ದಾಣದಲ್ಲಿ ಎರಡು ಮಾರು ದೂರ ನಿಲ್ಲುವ ಜನ. ಹೆನ್ರಿಕ್ ನನ್ನ ಬದಲಿಗೆ ಅತ್ತ. ನನ್ನಮ್ಮ ಒಳ್ಳೆಯವಳು, ಒಂದೇ ಏಟು, ಅದೂ ಒದ್ದೆ ಕೈಯಲ್ಲಿ ಎಂದು ನಾನು ಹೇಳಿದಷ್ಟೂ ಅವರ ಕನಿಕರ ಹೆಚ್ಚಿತು.

ತರಗತಿ ಮುಗಿದ ಮೇಲೆ ಗುನಿಲ್ಲಾ ನನ್ನನ್ನು ಕೂರಿಸಿಕೊಂಡು ಹನ್ನೆರಡು ಚೌಕಗಳಿದ್ದ ಹಾಳೆ ತೋರಿಸಿದಳು. ಎಂಟನೆಯ ಚೌಕದಲ್ಲಿ ಅವಳ ಸಹಿ ಇರಲಿಲ್ಲ. “ಸುಯಾತಾ,” ಎಂದಳು, ಅವರಿಗೆ ‘ಜ’ ಬರುವುದಿಲ್ಲ. “ನೀನು ಮಾಡದ ಅಭ್ಯಾಸವನ್ನು ಮಾಡಿದ್ದೀಯೆಂದು ನಾನು ಸಹಿ ಹಾಕಲಾರೆ. ಬಲವಂತವಿಲ್ಲ. ಇನ್ನು ನಾಲ್ಕು ದಿನವಿದೆ.”

ಮನೆಗೆ ಫೋನು ಮಾಡಿದಾಗ ಅಮ್ಮ ಮಾವನ ಅಂಗಡಿಯಲ್ಲಿದ್ದಳು. ಸ್ಪೀಕರ್ ಹಾಕಿದ್ದು ಗಾಳಿ ಪಂಪಿನ ಸದ್ದಿನಿಂದಲೇ ಗೊತ್ತಾಯಿತು.

“ಎಂತ ಆತೇ? ಕಲ್ತ್ಯಾ ಉಸ್ರಾಡದು?” ಮಾವನ ದನಿ.

“ಎಲ್ಲ ಚೆನ್ನಾಗಿದೆ,” ಎಂದೆ. ಬೇರೆ ಏನು ಹೇಳಿದ್ದರೂ ಅವನು ಹೇಳಿದ್ದು ನಿಜವಾಗುತ್ತಿತ್ತು.

ಒಂಬತ್ತು ಮತ್ತು ಹತ್ತು

ಈ ಎರಡು ದಿನದಲ್ಲಿ ನಾನು ಒಬ್ಬಳೇ ಕಾಡಿನ ಹಾದಿಯಲ್ಲಿ ಬಹಳ ನಡೆದೆ. ಒಂದು ಕಡೆ ಕಾಲು ನಿಂತವು. ಖಾಲಿ ಕೈಯಲ್ಲಿ ಸಮಿತಿಯ ಮುಂದೆ ನಿಂತಂತೆ, ಮಾರ್ಚ್‌ನಲ್ಲಿ ಹುಡುಗಿಯರು ಎದೆ ಹಿಡಿದುಕೊಂಡು ಬಂದಂತೆ, ನಾನು “ನಂಗೆ ಪರವಾನಗಿ ಇಲ್ಲ” ಎಂದಂತೆ ಕಂಡಿತು. ಎದೆಗೆ ಹಗ್ಗ ಬಿಗಿದ ಹಾಗಾಯಿತು. ಪಿಯುಸಿಯ ಮೊದಲನೆಯ ಪ್ರಯತ್ನದ ದಿನ ಪ್ರಶ್ನೆಪತ್ರಿಕೆ ಹಿಡಿದಾಗ ಆಗಿದ್ದೂ ಇದೇ. ಆಗ ಹೇಳಿಕೊಡುವವರಿರಲಿಲ್ಲ.

ಎದುರಿಗೆ ಒಲೆ ಅದೆ ಅಂದ್ಕೋ ಎಂದು ನನಗೆ ನಾನೇ ಹೇಳಿಕೊಂಡೆ. ಮುಖ ಪಕ್ಕಕ್ಕೆ ತಿರುಗಿಸಿದೆ, ಊದಿದೆ. ಚಳಿಗೆ ಉಸಿರು ಬಿಳಿಯಾಗಿ ಮುಂದೆ ಹೋಯಿತು. ಹತ್ತಕ್ಕೆ ಬಿಗಿತ ಸಡಿಲಾಗಲಿಲ್ಲ, ಇಪ್ಪತ್ತಕ್ಕೆ ಆಯಿತು. ನಾಯಿ ಕರೆದುಕೊಂಡು ಬಂದ ಒಬ್ಬರು ದೂರದಲ್ಲಿ ನಿಂತು, ನಾನು ಮುಗಿಸುವವರೆಗೆ ಕಾದು, ಆಮೇಲೆ ದಾಟಿಹೋದರು.

ಆದರೂ ಕೋಣೆಗೆ ಬಂದು ಮೇಣದ ಬತ್ತಿ ಹಚ್ಚಿಟ್ಟು ಪ್ರಯತ್ನಿಸಿದೆ. ಆಗಲಿಲ್ಲ. ಕೊನೆಗೆ ಅದನ್ನು ಚಮಚದಿಂದ ದೊಡ್ಡದು ಮಾಡಿದೆ.

ಹನ್ನೊಂದನೆಯ ದಿನ, ಒದ್ದೆ ಕಟ್ಟಿಗೆ

ಮನೆಯ ಹಿಂದೆ ಒಂದು ಬೆವರುಮನೆ. ಮರದ ಸಣ್ಣ ಗೂಡು, ಒಳಗೆ ಒಲೆ, ಒಲೆಯ ಮೇಲೆ ಕಲ್ಲು. ಕಲ್ಲು ಕಾದ ಮೇಲೆ ನೀರು ಸುರಿದು ಆ ಹಬೆಯಲ್ಲಿ ಎಲ್ಲರೂ ಕೂರುತ್ತಾರೆ. ನಮ್ಮಲ್ಲಿ ಮೇ ತಿಂಗಳಲ್ಲಿ ಪುಕ್ಕಟೆಯಾಗಿ ಆಗುವುದನ್ನು ಇವರು ಕಟ್ಟಿಗೆ ಸುಟ್ಟು ಮಾಡಿಕೊಳ್ಳುತ್ತಾರೆ. ತರಬೇತಿ ಮುಗಿಯುವ ಮುನ್ನಾದಿನ ಮಧ್ಯಾಹ್ನ ಅಲ್ಲಿ ಕೂರುವುದು ಪದ್ಧತಿಯಂತೆ. ಆದರೆ ಹಿಂದಿನ ದಿನ ಕಟ್ಟಿಗೆಯ ಮೇಲಿನ ತಗಡು ಹಾರಿ, ಮಳೆ ಬಿದ್ದು, ಎಲ್ಲ ಒದ್ದೆ. ಹೆನ್ರಿಕ್ ಪೊಟ್ಟಣಗಟ್ಟಲೆ ಕಡ್ಡಿ ಗೀರಿದ. ಗುನಿಲ್ಲಾ ಕಾಗದ ತುರುಕಿದಳು. ಹೊಗೆ ಎದ್ದಿತು, ಉರಿ ಏಳಲಿಲ್ಲ.

ಒದ್ದೆ ಕಟ್ಟಿಗೆಯ ಮುಂದೆ ಸುಮ್ಮನೆ ನಿಲ್ಲುವುದು ನನ್ನಿಂದ ಆಗದ ಕೆಲಸ.

“ಎಲ್ಲರೂ ಆಚೆ ನಿಲ್ಲಿ,” ಎಂದೆ. ಹಾಸ್ಟೆಲಿನ ದನಿಯಲ್ಲೇ ಬಂತು, ನಿಂತರು. ದೊಡ್ಡ ಕೊರಡು ಹೊರಗೆ ತೆಗೆದೆ, ಬರ್ಚ್ ಮರದ ತೊಗಟೆ ಸಿಗಿದು ಒಳಗಿನ ಒಣ ಭಾಗ ಇಟ್ಟೆ, ಒಂದು ಕಿಡಿ ಹಿಡಿಯಿತು. ಊದುಗೊಳವೆ ಬೇಕಲ್ಲ? ತರಗತಿಗೆ ಓಡಿ ಕೈಗೆ ಸಿಕ್ಕಿದ್ದನ್ನು ಸುರುಳಿ ಸುತ್ತಿಕೊಂಡು ಬಂದೆ. ಮೊಣಕಾಲೂರಿ ಕೂತೆ, ಮುಖ ತಿರುಗಿಸಿ ಉಸಿರು ತೆಗೆದುಕೊಂಡೆ, ಊದಿದೆ.

ಕಿಡಿ ಕೆಂಡವಾಯಿತು. ಕೆಂಡದಿಂದ ಎಳೆ ಉರಿ ಎದ್ದಿತು. ಆಮೇಲೆ ನನಗೆ ಅಲ್ಲಿ ಯಾರಿದ್ದಾರೆ ಎಂಬುದೂ ಮರೆಯಿತು. ಎಕ್ಕಂಬಿ ಕಡೆಯ ಶಾಲೆ, ಅನ್ನದ ಎಸರು, ಹಿಂದಿನಿಂದ ಅಮ್ಮ “ಮೆತ್ತಗೆ, ಮೆತ್ತಗೆ” ಎನ್ನುವುದು, ಅಷ್ಟೇ. ಒಲೆ ಗುಡುಗುಟ್ಟತೊಡಗಿದಾಗ ತಲೆ ಎತ್ತಿದೆ. ಗುನಿಲ್ಲಾ ಕೈಗಡಿಯಾರ ನೋಡುತ್ತ ನಿಂತಿದ್ದಳು.

“ಒಂದೇ ಉಸಿರು ಎಷ್ಟು ಹೊತ್ತು ಬಿಟ್ಟೆ ಗೊತ್ತೇ ನಿನಗೆ?”

“ಅನ್ನ ಬೇಯುವವರೆಗೆ ಊದಿ ಅಭ್ಯಾಸ,” ಎಂದೆ.

ಆಗ ಅವಳ ಕಣ್ಣು ನನ್ನ ಕೈಯ ಸುರುಳಿಯ ಮೇಲೆ ಬಿತ್ತು. ಬಿಚ್ಚಿ ನೋಡಿದಳು. ಗೋಡೆಯ ಮೇಲಿದ್ದ ಶ್ವಾಸಕೋಶದ ಚಿತ್ರಪಟ. ಎಡಭಾಗದ ಕೆಳತುದಿ ಸುಟ್ಟು ಕಪ್ಪಾಗಿತ್ತು. ನನ್ನ ಪರೀಕ್ಷೆ ಅಲ್ಲಿಗೇ ಮುಗಿಯಿತು ಎಂದುಕೊಂಡೆ.

ಕೊನೆಯ ದಿನ

ಚಿತ್ರಪಟ ಮತ್ತೆ ಗೋಡೆಯ ಮೇಲಿತ್ತು. ಸುಟ್ಟ ತುದಿ ತೋರಿಸಿ ಗುನಿಲ್ಲಾ, “ಬೀಡಿ ಸಿಗರೇಟಿನ ಪಾಠಕ್ಕೆ ಆಯಿತು” ಎಂದಳು. ಅವಳ ಬಾಯಿಂದ ನಾನು ಕೇಳಿದ ಒಂದೇ ತಮಾಷೆ. ನನ್ನ ಸರದಿ ಬಂದಾಗ ಮೇಣದ ಬತ್ತಿಯ ಪೆಟ್ಟಿಗೆ ಮುಂದಿಟ್ಟಳು.

ನಾನು ಅದನ್ನು ಮುಟ್ಟಲಿಲ್ಲ. ಎಲ್ಲರನ್ನೂ ಮಾರ್ತಾಳ ಅಡುಗೆಮನೆಗೆ ಕರೆದೊಯ್ದೆ. ಅಲ್ಲಿನ ಹಳೆಯ ಕಬ್ಬಿಣದ ಒಲೆಯ ಕೆಂಡವನ್ನು ಬೆಳಿಗ್ಗೆಯೇ ಬೂದಿ ಮುಚ್ಚಿ ಇಟ್ಟಿದ್ದೆ. ಒಂದೊಂದು ತಗಡಿನ ಬಟ್ಟಲಿಗೆ ಒಂದೊಂದು ಕೆಂಡ ಹಾಕಿಕೊಟ್ಟೆ.

“ಚಿಂತೆಯನ್ನು ಆರಿಸುವುದು ನನಗೆ ಬರುವುದಿಲ್ಲ,” ಎಂದೆ. “ಕೆಂಡ ಆರದ ಹಾಗೆ ನೋಡಿಕೊಳ್ಳುವುದು ಬರುತ್ತದೆ. ಮುಖ ತಿರುಗಿಸಿ ಉಸಿರು ತೆಗೆದುಕೊಳ್ಳಿ. ಸಣ್ಣಗೆ ಬಿಡಿ. ಅವಸರ ಮಾಡಿದರೆ ಬೂದಿ ಹಾರುತ್ತದೆ.”

ಹೆನ್ರಿಕ್ ಅವಸರ ಮಾಡಿದ. ಹುಬ್ಬಿನವರೆಗೆ ಬೂದಿ, ಎರಡೂ ಕಣ್ಣಲ್ಲಿ ನೀರು. ಹನ್ನೆರಡು ದಿನದಲ್ಲಿ ಮೊದಲ ಸಲ ಅವನ ಕಣ್ಣೀರಿಗೆ ಕಾರಣ ಎಲ್ಲರಿಗೂ ಕಂಡಿತು. ಮೊದಲು ನಕ್ಕವನೂ ಅವನೇ. ಎರಡನೆಯ ಸಲ ನಿಧಾನವಾಗಿ ಊದಿದ. ಬಟ್ಟಲು ಕೆಂಪಾಯಿತು. ಇಪ್ಪತ್ತು ನಿಮಿಷ ಅಡುಗೆಮನೆಯಲ್ಲಿ ಉಸಿರಿನ ಸದ್ದು ಬಿಟ್ಟರೆ ಏನೂ ಇರಲಿಲ್ಲ. ಮಾರ್ತಾಳೂ ಒಂದು ಬಟ್ಟಲು ಎಳೆದುಕೊಂಡು ಕೂತಿದ್ದಳು.

ಗುನಿಲ್ಲಾ ಹಾಳೆ ತೆಗೆದುಕೊಂಡು ಕಿಟಕಿಯ ಹತ್ತಿರ ಹೋಗಿ ಎರಡು ಲೋಟ ಕಾಫಿ ಕುಡಿದಳು. ಆ ದೇಶದಲ್ಲಿ ಅಚ್ಚಾದ ಹಾಳೆಯನ್ನು ತಿದ್ದುವುದು ಸಣ್ಣ ವಿಷಯವಲ್ಲ. ಕೊನೆಗೆ ಎಂಟನೆಯ ಚೌಕದಲ್ಲಿದ್ದ ‘ಮೇಣದ ಬತ್ತಿ’ ಎಂಬುದನ್ನು ಅಳತೆಪಟ್ಟಿ ಇಟ್ಟು ನೆಟ್ಟಗೆ ಗೆರೆ ಎಳೆದು ಹೊಡೆದು, ಮೇಲೆ ‘ಕೆಂಡ’ ಎಂದು ಬರೆದು, ಪಕ್ಕದಲ್ಲಿ ಸಹಿ ಮಾಡಿದಳು. ಸರಿಯೇ ಎಂದು ಮಾರ್ತಾಳ ಕಡೆ ನೋಡಿದಳು.

“ಶ್ಶುಪ್,” ಎಂದಳು ಮಾರ್ತಾ.

ಮತ್ತೆ ಯಲ್ಲಾಪುರ

ಹುಬ್ಬಳ್ಳಿಯಿಂದ ಬಂದ ಬಸ್ಸಿಳಿದಾಗ ಅಮ್ಮ ಮಾವನ ಅಂಗಡಿಯ ಬೆಂಚಿನ ಮೇಲೆ ಕೂತಿದ್ದಳು. ಊಟ ಮಾಡಿದೆಯಾ ಎಂದು ಕೇಳಿದಳು. “ಶ್ಶುಪ್” ಎಂದೆ; ಅಭ್ಯಾಸವಾಗಿತ್ತು. ಅಮ್ಮ ಗಾಬರಿಯಾಗಿ ನನ್ನ ಬೆನ್ನು ತಿಕ್ಕತೊಡಗಿದಳು.

“ನಾ ಹೇಳಿದ್ನಲೇ ಅಕ್ಕಾ,” ಎಂದ ಮಾವ. “ಇದ್ದ ಉಸ್ರೂ ಅಲ್ಲೇ ಬಿಟ್ಟು ಬಂದದೆ.”

ಚೀಲದಿಂದ ಸರ್ಟಿಫಿಕೇಟ್ ತೆಗೆದು ಅಮ್ಮನ ಕೈಗೆ ಕೊಟ್ಟೆ. ಅವಳು ಸೆರಗಿಗೆ ಕೈ ಒರೆಸಿಕೊಂಡು ಅದನ್ನು ಅಂಚಿನಲ್ಲಿ ಮಾತ್ರ ಹಿಡಿದಳು, ಬಿಸಿ ಪಾತ್ರೆ ಹಿಡಿದ ಹಾಗೆ. ಮಾವ ಗ್ರೀಸಿನ ಕೈ ಹಿಂದೆ ಕಟ್ಟಿಕೊಂಡು ಬಗ್ಗಿ ನೋಡಿದ. ಓದಲು ಬರದ ಅಕ್ಷರಗಳನ್ನು ಬಹಳ ಹೊತ್ತು ನೋಡಿದ. ಸಹಿಯ ಮೇಲೆ ಕಣ್ಣು ನಿಂತಿತು.

“ಎಂತ ಪರೀಕ್ಷೆ ಮಾಡಿದ್ರೇ?”

“ಒಲೆ ಊದಿಸಿದ್ರು.”

“ಒಲೆ ಊದಿದ್ದಕ್ಕೆ ಕೊಟ್ರಾ?” ಮಾವ ಅಮ್ಮನ ಕಡೆ ತಿರುಗಿದ. “ಹಂಗಾರೆ ಇದ್ರಲ್ಲಿ ನಿನ್ನ ಹೆಸ್ರೂ ಇರಬೇಕಿತ್ತಲೇ ಅಕ್ಕಾ.” ಅವನ ಬಾಯಿಂದ ಇದಕ್ಕಿಂತ ದೊಡ್ಡ ಮಾತನ್ನು ನಾನು ಕೇಳಿಲ್ಲ.

ನನಗೂ ಮಾತು ಉಕ್ಕಿತು. ಮೇಣದ ಬತ್ತಿಯ ಕಥೆಯೆಲ್ಲ ಹೇಳಿದೆ. ಸರ್ಟಿಫಿಕೇಟ್ ಕೈತಪ್ಪಿದರೂ ಸರಿ, ನೀನು ಹೇಳಿಕೊಟ್ಟದ್ದನ್ನು ಬಿಡಲಿಲ್ಲ, ದೀಪ ಊದಲಿಲ್ಲ ಎಂದೆ. ಅಮ್ಮ ನನ್ನನ್ನೇ ನೋಡುತ್ತಿದ್ದಳು. ಕಣ್ಣು ತುಂಬಿ ಬಂದಿರಬೇಕು ಎಂದುಕೊಂಡೆ.

“ಮೇಣದ ಬತ್ತೀನಾ?” ಎಂದಳು. “ಅದೆಂತ ದೀಪನೇ? ನಾ ಹೇಳಿದ್ದು ದೇವರ ಮುಂದಿನ ಎಣ್ಣೆ ದೀಪಕ್ಕೆ. ಕರೆಂಟ್ ಹೋದಾಗೆಲ್ಲ ಮೇಣದ್ದು ಹಚ್ಚದು, ನಾನೇ ಊದಿ ಆರ್ಸದು. ನೀ ಹಾಸ್ಟೆಲಿಗೆ ಹೋದಾಗಿಂದ್ಲೂ ಹಂಗೇ.” ಸರ್ಟಿಫಿಕೇಟನ್ನು ಜೋಪಾನವಾಗಿ ಚೀಲಕ್ಕೆ ಹಾಕಿ, ಚೀಲವನ್ನು ತನ್ನ ತೊಡೆಯ ಮೇಲಿಟ್ಟುಕೊಂಡಳು. “ಬಿಯೆ ಮಾಡಿದವಳು ನೀನು. ಒಂದು ಫೋನ್ ಮಾಡಿ ಕೇಳದಲ್ದನೇ?”